ಜೋಡಿ ಕಟ್ಟುವ ಗಣಿತವೂ ಅದರ ಪರೀಕ್ಷೆಯೂ

೧. ವಿಷಯಪ್ರವೇಶ

ಇಬ್ಬರು ಸ್ಪರ್ಧಿಗಳನ್ನು ಎದುರೆದುರಾಗಿ ನಿಲ್ಲಿಸುವುದಕ್ಕೆ ಮೊದಲು ಅವರು ಒಬ್ಬರಿಗೊಬ್ಬರು ಸಾಟಿಯೆ ಎಂಬುದನ್ನು ನಿರ್ಣಯಿಸುವ ಕಾರ್ಯಕ್ಕೆ ಕನ್ನಡದಲ್ಲಿ ‘ಜೋಡಿ ಕಟ್ಟುವುದು’ ಎಂಬ ಮಾತು ಗರಡಿಯವರ ಬಾಯಲ್ಲಿ ರೂಢವಾಗಿದೆ. ಮೈಸೂರಿನ ದಸರಾ ಕುಸ್ತಿಗೆ ಮುಂಚಿತವಾಗಿ ಜೋಡಿ ಕಟ್ಟುವ ಕಾರ್ಯವನ್ನು ಪ್ರತ್ಯೇಕವಾಗಿ ನಡೆಸುವ ಪದ್ಧತಿಯುಂಟು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ನಡೆಯುವ ಜಂಗೀ ನಿಕಾಲಿ ಕುಸ್ತಿಗಳಲ್ಲಿಯೂ ಪೈಲ್ವಾನರ ಮೈಕಟ್ಟು, ತೂಕ, ವಯಸ್ಸು, ಹಿಂದಿನ ಗೆಲವುಸೋಲುಗಳು ಇವನ್ನೆಲ್ಲ ಬಲ್ಲ ಹಿರಿಯರೇ ಜೋಡಿಯನ್ನು ಗೊತ್ತುಮಾಡುವರು. ಜೋಡಿ ಸರಿಯಾಗಿ ಬೀಳದಿದ್ದರೆ ಅಖಾಡದ ಸುತ್ತ ನೆರೆದ ಜನವೇ ಅದನ್ನು ಗುರುತಿಸಬಲ್ಲುದು.

ಇದೇ ಕಾರ್ಯವನ್ನು ಈಗ ಅಂತರ್ಜಾಲದ ಆಟಗಳಲ್ಲಿ ಗಣಕಯಂತ್ರವು ಮಾಡುತ್ತಿದೆ. ಆಟಗಾರನೊಬ್ಬನು ಯೋಧ, ವೈದ್ಯ, ಮಾಂತ್ರಿಕ ಮೊದಲಾದ ಒಂದು ವೇಷವನ್ನು ಧರಿಸಿ, ಆ ವೇಷದ ಬಲವನ್ನು ದಿನದಿನಕ್ಕೆ ಬೆಳೆಸುತ್ತ, ದೂರದೂರದ ಇತರರೊಡನೆ ಕೂಡಿ ಅಥವಾ ಅವರಿಗೆ ಎದುರಾಗಿ ಆಡುವ ಆಟಗಳಿಗೆ ಪಾತ್ರಾಟಗಳೆಂದು ಹೆಸರಿಡಬಹುದು. ಇಂತಹ ಆಟದಲ್ಲಿ ಒಬ್ಬನು ಗುಂಡಿಯನ್ನೊತ್ತಿದೊಡನೆ, ಆ ಕ್ಷಣದಲ್ಲಿ ಕಾದಿರುವ ಸಹಸ್ರಾರು ಜನರಲ್ಲಿ ಅವನಿಗೆ ತಕ್ಕವರು ಯಾರು ಎಂಬುದನ್ನು ಯಂತ್ರವು ನಿಶ್ಚಯಿಸಬೇಕು. ಗರಡಿಯ ಹಿರಿಯನಿಗೆ ಪೈಲ್ವಾನನ ಶರೀರವೇ ಕಣ್ಣೆದುರಿಗಿರುವುದು. ಯಂತ್ರಕ್ಕಾದರೋ ಒಂದು ಹೆಸರು ಮತ್ತು ಆ ಹೆಸರಿನ ಕೆಳಗೆ ಬರೆದಿಟ್ಟ ಅಂಕಿಗಳು ಮಾತ್ರ ಕಾಣುವುವು. ಎಂದರೆ, ಯಂತ್ರವು ಅಳೆಯುವುದು ಆಳನ್ನಲ್ಲ, ಆಳಿನ ದಾಖಲೆಯನ್ನು. ಆದುದರಿಂದ ಜೋಡಿ ಕಟ್ಟುವ ಯಂತ್ರದ ನ್ಯಾಯವನ್ನು ಪರೀಕ್ಷಿಸಬೇಕಾದರೆ, ಆಳೂ ದಾಖಲೆಯೂ ಬೇರೆಬೇರೆಯಾಗುವ ಸಂದರ್ಭಗಳನ್ನೇ ಮುಖ್ಯವಾಗಿ ಆರಿಸಿಕೊಳ್ಳಬೇಕಾಗುತ್ತದೆ. ಈ ಸೂತ್ರವನ್ನು ಉದಾಹರಣೆಗಳಿಂದ ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ವೇಷಧಾರಿಯ ದೃಷ್ಟಾಂತ

ಆಳೂ ದಾಖಲೆಯೂ ಬೇರೆಯಾದ ಸಂದರ್ಭಕ್ಕೆ ಸಾಹಿತ್ಯಾಭ್ಯಾಸಿಗಳಿಗೆ ಚಿರಪರಿಚಿತವಾದ ದೃಷ್ಟಾಂತವೊಂದು ಭಾರತದ ವಿರಾಟಪರ್ವದಲ್ಲಿದೆ. ಹಾವೇರಿ ಜಿಲ್ಲೆಯ ಹಾನಗಲ್ಲು ಶಾಸನಗಳಲ್ಲಿ ಪಾನುಂಗಲ್ಲೆಂದು ಪ್ರಸಿದ್ಧವಾಗಿದ್ದು, ವಿರಾಟನ ಕೋಟೆ, ವಿರಾಟನಗರಿ ಎಂಬ ಹೆಸರುಗಳಿಂದಲೂ ಕರೆಯಲ್ಪಟ್ಟಿದೆ. ಪಾಂಡವರು ಅಜ್ಞಾತವಾಸವನ್ನು ಕಳೆದುದು ಇಲ್ಲಿಯೇ ಎಂಬ ಐತಿಹ್ಯವು ಆ ಊರಿನಲ್ಲಿ ಬೇರೂರಿದೆ. ಚರಿತ್ರಕಾರರು ಮತ್ಸ್ಯದೇಶದ ರಾಜಧಾನಿಯನ್ನು ರಾಜಸ್ಥಾನದ ಬೈರಾಟದಲ್ಲಿ ಗುರುತಿಸುವರಾದುದರಿಂದ ಈ ಐತಿಹ್ಯವನ್ನು ಇತಿಹಾಸವೆಂದು ಎಣಿಸುವಂತಿಲ್ಲ. ಆದರೂ ವೇಷ ಮರೆಸಿಕೊಂಡವರ ಕಥೆಯೊಂದನ್ನು ಒಂದು ಊರು ತನ್ನದೆಂದು ಶತಮಾನಗಳಿಂದ ಕಾಪಾಡಿಕೊಂಡು ಬಂದಿರುವುದು ಗಮನಾರ್ಹವಾಗಿದೆ.

ಸಂಸ್ಕೃತ ಭಾರತದ ಪ್ರಕಾರ, ಪಾಂಡವರು ವಿರಾಟನ ಊರನ್ನು ಸೇರಿದ ನಾಲ್ಕನೆಯ ತಿಂಗಳಿನಲ್ಲಿ ಬ್ರಹ್ಮಮಹೋತ್ಸವವು ನಡೆದು, ನಾನಾ ದಿಕ್ಕುಗಳಿಂದ ಮಲ್ಲರು ಬಂದು ನೆರೆದರು. ಅವರಲ್ಲಿ ಜೀಮೂತನೆಂಬವನು ಎಲ್ಲರನ್ನೂ ಕಾಳಗಕ್ಕೆ ಕರೆದಾಗ ಯಾರೊಬ್ಬರೂ ಮುಂದೆ ಬರಲಿಲ್ಲ. ಆಗ ರಾಜನು ತನ್ನ ಬಾಣಸಿಗನಾದ ವಲಲನಿಗೆ ಅವನೊಡನೆ ಹೋರುವಂತೆ ಆಜ್ಞಾಪಿಸಿದನು. ತಾನು ಮಲ್ಲವಿದ್ಯೆಯನ್ನೂ ಬಲ್ಲೆನೆಂದು ವಲಲನು ಮೊದಲೇ ಅರಿಕೆ ಮಾಡಿಕೊಂಡಿದ್ದನಾದರೂ, ಆ ಕಣದಲ್ಲಿ ಅವನ ಹೆಸರಿಗೆ ಒಂದು ಗೆಲವೂ ಸೇರಿರಲಿಲ್ಲ. ದಾಖಲೆಯನ್ನು ನೋಡಿದರೆ ಅವನು ಅಡುಗೆಯವನು. ಆಳನ್ನು ನೋಡಿದರೆ ಭೀಮಸೇನ. ಈ ಅಂತರದ ಬೆಲೆಯನ್ನು ಜೀಮೂತನು ತನ್ನ ಪ್ರಾಣದಿಂದ ತೆತ್ತನು. ಅನಂತರ ಮನುಷ್ಯರಲ್ಲಿ ಭೀಮನಿಗೆ ಸಾಟಿಯೇ ಸಿಕ್ಕದೆ ಹೋದುದರಿಂದ ರಾಜನು ಅವನನ್ನು ಹುಲಿ, ಸಿಂಹ, ಆನೆಗಳೊಡನೆ ಹೋರಾಡಿಸಿದನೆಂದೂ ಅಲ್ಲಿ ಹೇಳಿದೆ.

ಈ ಸಣ್ಣ ಪ್ರಸಂಗದಲ್ಲಿ ಜೋಡಿ ಕಟ್ಟುವ ಶಾಸ್ತ್ರದ ಮೂರು ತೊಡಕುಗಳು ಅಡಗಿವೆ. ಒಂದು, ಹೊಸಬನ ನಿಜವಾದ ಬಲವು ತಿಳಿಯದಿರುವುದು. ಎರಡು, ಬಲವುಳ್ಳವನು ಬೇಕೆಂದೇ ಅದನ್ನು ಮರೆಸಿಕೊಂಡಿರುವುದು. ಮೂರು, ಕಾದಿರುವವರಲ್ಲಿ ಸರಿಸಾಟಿಯೇ ಇಲ್ಲದಿರುವುದು. ಇಂದಿನ ಜಾಲದ ಆಟಗಳಲ್ಲಿಯೂ ಪಳಗಿದ ಆಟಗಾರರು ಹೊಸ ಹೆಸರನ್ನು ತೆರೆದು ಎಳೆಯರ ನಡುವೆ ಇಳಿಯುವುದುಂಟು. ಸಾಟಿ ಸಿಕ್ಕದಾಗ ಯಂತ್ರವೇ ಆಡಿಸುವ ಕೃತಕ ಎದುರಾಳಿಗಳನ್ನು ಮುಂದೊಡ್ಡುವುದೂ ಉಂಟು.

೩. ಬಲವನ್ನು ಅಂಕಿಯಾಗಿಸುವ ಕ್ರಮ

ಆಟಗಾರನ ಬಲವನ್ನು ಒಂದೇ ಅಂಕಿಯಲ್ಲಿ ಸೂಚಿಸುವ ಕ್ರಮವು ಮೊದಲು ಚದುರಂಗದಲ್ಲಿ ನೆಲೆಗೊಂಡಿತು. ಹಂಗೇರಿಯಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಆರ್ಪಾಡ್ ಏಲೋ ಅವರು ರೂಪಿಸಿದ ಪದ್ಧತಿಯನ್ನು ಅಮೆರಿಕೆಯ ಚದುರಂಗ ಸಂಘವು ೧೯೬೦ರಲ್ಲಿಯೂ ಅಂತರರಾಷ್ಟ್ರೀಯ ಸಂಘವಾದ ಫಿಡೆಯು ೧೯೭೦ರಲ್ಲಿಯೂ ಅಂಗೀಕರಿಸಿದವು. ಈ ಅಂಕಿಯನ್ನು ಬಲಾಂಕವೆಂದು ಕರೆಯಬಹುದು.

ಇದರ ತತ್ತ್ವವು ಸರಳವಾದುದು. ಇಬ್ಬರ ಬಲಾಂಕಗಳ ವ್ಯತ್ಯಾಸವೊಂದರಿಂದಲೇ ಗೆಲವಿನ ಸಂಭವವನ್ನು ಗಣಿಸಲಾಗುತ್ತದೆ. ವ್ಯತ್ಯಾಸವಿಲ್ಲದಿದ್ದರೆ ಇಬ್ಬರಿಗೂ ನೂರಕ್ಕೆ ೫೦. ೧೦೦ ಅಂಕಗಳ ವ್ಯತ್ಯಾಸವಿದ್ದರೆ ಬಲಶಾಲಿಗೆ ಸುಮಾರು ೬೪. ೨೦೦ ಇದ್ದರೆ ಸುಮಾರು ೭೬. ೪೦೦ ಇದ್ದರೆ ಸುಮಾರು ೯೧. ಆಟ ಮುಗಿದ ಬಳಿಕ, ನಿರೀಕ್ಷೆಗೂ ಫಲಕ್ಕೂ ಇರುವ ಅಂತರಕ್ಕೆ ಅನುಸಾರವಾಗಿ ಗೆದ್ದವನ ಅಂಕವನ್ನು ಏರಿಸಿ ಸೋತವನ ಅಂಕವನ್ನು ಇಳಿಸುವರು. ಬಲಶಾಲಿಯು ಬಲಹೀನನನ್ನು ಗೆದ್ದರೆ ಅಲ್ಪವೇ ಲಾಭ. ಬಲಹೀನನು ಬಲಶಾಲಿಯನ್ನು ಗೆದ್ದರೆ ಹೆಚ್ಚಿನ ಲಾಭ.

ಈ ಪದ್ಧತಿಗೆ ಒಂದು ಕೊರತೆಯಿದೆ. ನೂರಾರು ಪಂದ್ಯಗಳನ್ನಾಡಿದವನ ೧೫೦೦ಕ್ಕೂ ನಿನ್ನೆ ಬಂದವನ ೧೫೦೦ಕ್ಕೂ ಅದು ಭೇದವನ್ನು ಕಾಣದು. ಈ ಕೊರತೆಯನ್ನು ನೀಗುವುದಕ್ಕಾಗಿ ಮಾರ್ಕ್ ಗ್ಲಿಕ್‌ಮನ್ ಅವರು ೧೯೯೫ರಲ್ಲಿ ಬಲಾಂಕದ ಜೊತೆಗೆ ‘ಆ ಅಂಕವನ್ನು ಎಷ್ಟರಮಟ್ಟಿಗೆ ನಂಬಬಹುದು’ ಎಂಬುದನ್ನು ಸೂಚಿಸುವ ಎರಡನೆಯ ಅಂಕಿಯನ್ನು ಸೇರಿಸಿದರು. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದವರು ೨೦೦೫ರಲ್ಲಿ ಎಕ್ಸ್‌ಬಾಕ್ಸ್ ಲೈವ್ ಎಂಬ ಜಾಲಕ್ಕಾಗಿ ಸಿದ್ಧಪಡಿಸಿದ ಟ್ರೂಸ್ಕಿಲ್ ಎಂಬ ಪದ್ಧತಿಯು ಇದೇ ವಿಚಾರವನ್ನು ಮುಂದುವರಿಸಿ, ತಂಡದ ಫಲದಿಂದ ಒಬ್ಬೊಬ್ಬನ ಬಲವನ್ನೂ ಊಹಿಸುವ ದಾರಿಯನ್ನು ತೋರಿಸಿತು. ಸಂಶಯವು ಹೆಚ್ಚಿದ್ದಷ್ಟೂ ಅಂಕವು ವೇಗವಾಗಿ ಬದಲಾಗುವುದು. ಪಂದ್ಯಗಳು ಸಂದಂತೆಲ್ಲ ಸಂಶಯವು ತಗ್ಗಿ ಅಂಕವು ನೆಲೆನಿಲ್ಲುವುದು.

೪. ನಾಲ್ಕು ಊರುಗಳ ಉದಾಹರಣೆ

ಬಲಾಂಕವು ದೊರೆತ ಮಾತ್ರಕ್ಕೆ ಜೋಡಿ ಕಟ್ಟುವ ಕೆಲಸವು ಮುಗಿಯುವುದಿಲ್ಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕು ಊರುಗಳಿಂದ ಒಬ್ಬೊಬ್ಬ ಆಟಗಾರನು ಏಕಕಾಲದಲ್ಲಿ ಸರದಿಗೆ ನಿಂತನೆಂದೂ, ಅವರ ಬಲಾಂಕಗಳು ಕ್ರಮವಾಗಿ ೧೭೦೦, ೧೫೦೦, ೧೪೮೦, ೧೩೦೦ ಎಂದೂ ಕಲ್ಪಿಸಿಕೊಳ್ಳಬಹುದು. ನಾಲ್ವರನ್ನು ಎರಡು ಜೋಡಿಗಳಾಗಿ ವಿಂಗಡಿಸುವ ಬಗೆಗಳು ಮೂರೇ ಮೂರು.

ಮೊದಲನೆಯ ಬಗೆ: ಹಾನಗಲ್ಲಿಗೆ ಶಿಗ್ಗಾಂವಿ, ಸವಣೂರಿಗೆ ಹಿರೇಕೆರೂರು. ವ್ಯತ್ಯಾಸಗಳು ೨೦೦ ಮತ್ತು ೧೮೦. ಎರಡನೆಯ ಬಗೆ: ಹಾನಗಲ್ಲಿಗೆ ಸವಣೂರು, ಶಿಗ್ಗಾಂವಿಗೆ ಹಿರೇಕೆರೂರು. ವ್ಯತ್ಯಾಸಗಳು ೨೨೦ ಮತ್ತು ೨೦೦. ಮೂರನೆಯ ಬಗೆ: ಶಿಗ್ಗಾಂವಿಗೆ ಸವಣೂರು, ಹಾನಗಲ್ಲಿಗೆ ಹಿರೇಕೆರೂರು. ವ್ಯತ್ಯಾಸಗಳು ೨೦ ಮತ್ತು ೪೦೦.

ಅತ್ಯಂತ ಸಮೀಪದ ಇಬ್ಬರನ್ನು ಮೊದಲು ಹಿಡಿಯುವ ಯಂತ್ರವು ಮೂರನೆಯ ಬಗೆಯನ್ನೇ ಆರಿಸುವುದು. ಶಿಗ್ಗಾಂವಿಯವನಿಗೂ ಸವಣೂರಿನವನಿಗೂ ಅದರಿಂದ ಅತಿ ಸೊಗಸಾದ ಪಂದ್ಯವು ಲಭಿಸುವುದು. ಉಳಿದವರಲ್ಲಿ ಹಿರೇಕೆರೂರಿನವನಿಗೆ ನೂರಕ್ಕೆ ಒಂಬತ್ತರಷ್ಟು ಮಾತ್ರ ಆಸೆ. ಮೊದಲನೆಯ ಬಗೆಯಲ್ಲಿ ಯಾರಿಗೂ ಸರಿಸಾಟಿ ಸಿಕ್ಕದಿದ್ದರೂ ಯಾರೂ ಸಂಪೂರ್ಣ ನಿರಾಶರಾಗುವುದಿಲ್ಲ. ಅಲ್ಲಿ ಹಿರೇಕೆರೂರಿನವನ ಆಸೆ ನೂರಕ್ಕೆ ೨೬. ಈ ಎರಡರಲ್ಲಿ ನ್ಯಾಯವಾವುದು ಎಂಬುದನ್ನು ಗಣಿತವು ತಾನಾಗಿ ಹೇಳದು. ‘ಉತ್ತಮ ಪಂದ್ಯಗಳು ಹೆಚ್ಚಬೇಕು’ ಎನ್ನುವುದೂ ‘ಯಾರಿಗೂ ತೀರ ವಿಷಮವಾದ ಪಂದ್ಯವು ಬೀಳಬಾರದು’ ಎನ್ನುವುದೂ ಭಿನ್ನವಾದ ಎರಡು ಧ್ಯೇಯಗಳು. ಯಂತ್ರವನ್ನು ಪರೀಕ್ಷಿಸುವವನು ಯಾವ ಧ್ಯೇಯಕ್ಕಾಗಿ ಪರೀಕ್ಷಿಸುತ್ತಿರುವನೆಂಬುದನ್ನು ಮೊದಲೇ ಬರೆದಿಟ್ಟುಕೊಳ್ಳತಕ್ಕದ್ದು.

ಇಬ್ಬಿಬ್ಬರ ತಂಡಗಳ ಪಂದ್ಯವಾದರೆ ಲೆಕ್ಕವು ಬೇರೆಯಾಗುವುದು. ಹಾನಗಲ್ಲು ಮತ್ತು ಹಿರೇಕೆರೂರು ಒಂದು ಕಡೆ, ಶಿಗ್ಗಾಂವಿ ಮತ್ತು ಸವಣೂರು ಇನ್ನೊಂದು ಕಡೆಯಾದರೆ ಮೊತ್ತಗಳು ೩೦೦೦ ಮತ್ತು ೨೯೮೦. ತಂಡಗಳು ಬಹುಮಟ್ಟಿಗೆ ಸಮವಾದವು. ಆದರೆ ಸರಾಸರಿಯ ಈ ಸಮತೆಯ ಒಳಗೆ, ತನಗಿಂತ ೧೮೦ ಅಂಕಗಳಷ್ಟಾದರೂ ಮೇಲಿರುವ ಇಬ್ಬರ ಎದುರಿಗೆ ನಿಲ್ಲಬೇಕಾದ ಹಿರೇಕೆರೂರಿನವನ ಕಷ್ಟವು ಮರೆಯಾಗುತ್ತದೆ. ಸರಾಸರಿಯನ್ನು ಮಾತ್ರ ನೋಡುವ ಪರೀಕ್ಷೆಯು ಇದನ್ನು ಎಂದಿಗೂ ಕಂಡುಹಿಡಿಯಲಾರದು.

೫. ನುಡಿದ ಸಂಭವವು ನಡೆಯಿತೆ?

ಯಂತ್ರವು ಬಲಾಂಕಗಳಿಂದ ಮಾಡುವ ಊಹೆಯು ನಿಜವೆ ಎಂಬುದೇ ಪರೀಕ್ಷೆಯ ಮೊದಲ ಮೆಟ್ಟಲು. ‘ಬಲಶಾಲಿಗೆ ನೂರಕ್ಕೆ ೭೬’ ಎಂದು ಯಂತ್ರವು ನುಡಿದ ಪಂದ್ಯಗಳನ್ನೆಲ್ಲ ಒಂದೆಡೆ ಸೇರಿಸಿ, ಅವುಗಳಲ್ಲಿ ಬಲಶಾಲಿಗಳು ವಾಸ್ತವವಾಗಿ ಎಷ್ಟನ್ನು ಗೆದ್ದರೆಂದು ಎಣಿಸಬೇಕು. ಇಲ್ಲಿ ಪಂದ್ಯಗಳ ಸಂಖ್ಯೆಯು ಬಹು ಮುಖ್ಯವಾದುದು. ಯಂತ್ರದ ಮಾತು ನಿಜವೇ ಆಗಿದ್ದರೂ, ೧೦೦ ಪಂದ್ಯಗಳಲ್ಲಿ ಗೆಲವುಗಳು ೬೮ರಿಂದ ೮೪ರವರೆಗೆ ಎಲ್ಲಿ ಬಿದ್ದರೂ ಅದು ಕೇವಲ ಆಕಸ್ಮಿಕದಿಂದ ಆಗಬಹುದಾದುದೇ. ಹತ್ತು ಸಾವಿರ ಪಂದ್ಯಗಳಾದರೆ ೭೫೧೫ರಿಂದ ೭೬೮೫ರೊಳಗೆ ನಿಲ್ಲಬೇಕೆಂದು ಹೇಳಬಹುದು. ಹತ್ತು ಪಂದ್ಯಗಳನ್ನಾಡಿ ‘ಯಂತ್ರವು ಸುಳ್ಳು ಹೇಳುತ್ತದೆ’ ಎನ್ನುವವನ ಮಾತಿಗೆ ಪ್ರಮಾಣದ ಬಲವಿಲ್ಲ.

ಆಟಗಾರರಲ್ಲಿ ಪ್ರಚಲಿತವಾಗಿರುವ ಒಂದು ದೂರನ್ನು ಇದೇ ರೀತಿಯಲ್ಲಿ ವಿವೇಚಿಸಬೇಕು. ಕೆಲವು ಪಂದ್ಯಗಳನ್ನು ಗೆದ್ದೊಡನೆ ಯಂತ್ರವು ಬೇಕೆಂದೇ ಸೋಲಿಸುತ್ತದೆ, ಇಲ್ಲದಿದ್ದರೆ ಗೆಲವುಸೋಲುಗಳು ಅರ್ಧರ್ಧವಾಗಿ ನಿಲ್ಲುವುದೇಕೆ ಎಂದು ಹಲವರು ಕೇಳುವರು. ಆದರೆ ಗೆದ್ದವನ ಬಲಾಂಕವು ಏರಿ ಅವನಿಗೆ ಬಲವತ್ತರವಾದ ಎದುರಾಳಿಗಳು ದೊರೆಯುವುದರಿಂದ, ಕಟ್ಟಕಡೆಗೆ ಗೆಲವುಗಳು ಅರ್ಧಕ್ಕೆ ಬಂದು ನಿಲ್ಲುವುದು ಸಹಜ. ಅದು ಜೋಡಿ ಸರಿಬಿದ್ದುದರ ಲಕ್ಷಣವೇ ಹೊರತು ಸಂಚಿನ ಲಕ್ಷಣವಲ್ಲ. ಸತತ ಸೋಲುಗಳ ಸರಣಿಯೂ ಆಶ್ಚರ್ಯಕರವಲ್ಲ. ಪ್ರತಿಯೊಂದು ಪಂದ್ಯದಲ್ಲಿಯೂ ಸರಿಯಾಗಿ ಅರ್ಧದಷ್ಟು ಸಂಭವವಿರುವವನಿಗೆ, ೧೦೦ ಪಂದ್ಯಗಳ ಸಾಲಿನಲ್ಲಿ ಒಂದರ ಮೇಲೊಂದು ಐದು ಸೋಲುಗಳು ಒಮ್ಮೆಯಾದರೂ ಬರುವ ಸಂಭವವು ನೂರಕ್ಕೆ ೮೧ರಷ್ಟಿದೆ. ಸಂಚನ್ನು ಸಾಧಿಸಬೇಕೆನ್ನುವವರು ಗೆಲವಿನ ಸರಣಿಯ ಅನಂತರದ ಪಂದ್ಯಗಳಲ್ಲಿ ಎದುರಾಳಿಯ ಬಲಾಂಕವು, ಆಟಗಾರನ ಏರಿದ ಅಂಕವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಹೆಚ್ಚಾಗಿತ್ತೆಂದು ತೋರಿಸಬೇಕಾಗುವುದು.

೬. ಕೃತಕ ವಲಲರಿಂದ ಪರೀಕ್ಷೆ

ಮೇಲಿನ ಪರೀಕ್ಷೆಯಿಂದ ಯಂತ್ರದ ಸಾಮಾನ್ಯ ಸತ್ಯವು ತಿಳಿಯುವುದೇ ಹೊರತು ವೇಷಧಾರಿಯ ವಿಷಯವು ತಿಳಿಯದು. ಏಕೆಂದರೆ ನಿಜವಾದ ಆಟಗಾರರ ನಿಜವಾದ ಬಲವು ಯಾರಿಗೂ ನೇರವಾಗಿ ಗೋಚರಿಸುವುದಿಲ್ಲ. ಆದುದರಿಂದ ಆಟವನ್ನು ರಚಿಸುವವರು ಸಹಸ್ರಾರು ಕೃತಕ ಆಟಗಾರರನ್ನು ಸೃಷ್ಟಿಸಿ, ಒಬ್ಬೊಬ್ಬನಿಗೂ ಒಂದೊಂದು ನಿಜಬಲವನ್ನು ತಾವೇ ಕೊಟ್ಟು, ಯಂತ್ರಕ್ಕೆ ಅದನ್ನು ತಿಳಿಸದೆ ಸರದಿಗೆ ಬಿಡುವರು. ವಲಲನು ಭೀಮನೆಂಬುದು ಇಲ್ಲಿ ಪರೀಕ್ಷಕನಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಯಂತ್ರವು ಅದನ್ನು ಎಷ್ಟು ಪಂದ್ಯಗಳಲ್ಲಿ ಕಂಡುಕೊಳ್ಳುವುದೆಂಬುದೇ ಪರೀಕ್ಷೆ.

ಏಲೋ ಪದ್ಧತಿಯಲ್ಲಿ, ಸಮಾನನನ್ನು ಗೆದ್ದರೆ ೧೬ ಅಂಕಗಳು ಸಿಕ್ಕುವಂತೆ ಏರ್ಪಡಿಸಿದ್ದಾರೆಂದು ಭಾವಿಸಿ ಲೆಕ್ಕವನ್ನು ಮಾಡಿ ನೋಡಬಹುದು. ನಿಜಬಲವು ೧೯೦೦ ಇರುವ ಆಟಗಾರನೊಬ್ಬನು ೧೫೦೦ರ ಹೊಸ ಹೆಸರಿನಿಂದ ಇಳಿದನೆನ್ನೋಣ. ಮೊದಮೊದಲು ಪಂದ್ಯವೊಂದಕ್ಕೆ ಸರಾಸರಿ ೧೩ ಅಂಕಗಳಂತೆ ಅವನು ಏರುವನು. ತನ್ನ ನಿಜಬಲಕ್ಕೆ ಸಮೀಪಿಸಿದಂತೆ ಈ ವೇಗವು ತಗ್ಗುವುದು. ೧೮೦೦ನ್ನು ಮುಟ್ಟುವುದಕ್ಕೆ ಅವನಿಗೆ ಸುಮಾರು ೩೪ ಪಂದ್ಯಗಳು ಬೇಕು. ಅಷ್ಟರೊಳಗೆ ೩೪ ಎದುರಾಳಿಗಳು, ಪುಸ್ತಕದ ಮೇಲೆ ಸರಿಸಾಟಿಯೆಂದು ಕಾಣುವ ಆದರೆ ವಸ್ತುತಃ ವಿಷಮವಾದ ಪಂದ್ಯಗಳನ್ನು ಆಡಿರುವರು. ಸೋತವರ ಬಲಾಂಕಗಳು ಅಕಾರಣವಾಗಿ ಇಳಿದಿರುವುವು. ಅವರನ್ನು ಮುಂದೆ ಎದುರಿಸುವವರ ಲೆಕ್ಕವೂ ಅದರಿಂದ ಕೆಡುವುದು. ಒಬ್ಬನ ವೇಷದಿಂದ ಹುಟ್ಟಿದ ದೋಷವು ಹೀಗೆ ಇಡೀ ಕಣದಲ್ಲಿ ಹರಡುವುದು. ಸಂಶಯವನ್ನೂ ಅಂಕಿಯಾಗಿ ಇಟ್ಟುಕೊಳ್ಳುವ ಪದ್ಧತಿಗಳು ಹೊಸಬನ ಅಂಕವನ್ನು ಮೊದಲಲ್ಲಿ ದೊಡ್ಡ ಹೆಜ್ಜೆಗಳಿಂದ ಬದಲಾಯಿಸಿ ಈ ಅವಧಿಯನ್ನು ಕುಗ್ಗಿಸುವುವು. ಅವುಗಳ ಪ್ರಯೋಜನವನ್ನು ಅಳೆಯಲು ‘ಎಷ್ಟು ಜೀಮೂತರು ಉಳಿದರು’ ಎಂದು ಎಣಿಸುವುದೇ ಸರಿಯಾದ ಮಾರ್ಗ.

೭. ಕಾಲ, ದೂರ ಮತ್ತು ಸಮತೆ

ಸಾಟಿಯೇ ಸಿಕ್ಕದಾಗ ಯಂತ್ರವು ಮಾಡುವುದೇನು? ಸಾಮಾನ್ಯವಾಗಿ ಅದು ಕಾಲ ಕಳೆದಂತೆ ತನ್ನ ನಿಯಮವನ್ನು ಸಡಿಲಿಸುತ್ತ ಹೋಗುವುದು. ಮೊದಲು ೫೦ ಅಂಕಗಳ ಅಂತರದೊಳಗೆ ಹುಡುಕುವುದೆಂದೂ, ೩೦ ಸೆಕೆಂಡುಗಳಿಗೊಮ್ಮೆ ಈ ಮಿತಿಯನ್ನು ೫೦ರಂತೆ ಹಿಗ್ಗಿಸುವುದೆಂದೂ ಇಟ್ಟುಕೊಂಡರೆ, ನಡುರಾತ್ರಿಯಲ್ಲಿ ಹಾನಗಲ್ಲಿನ ೧೭೦೦ರವನೂ ಹಿರೇಕೆರೂರಿನ ೧೩೦೦ರವನೂ ಇಬ್ಬರೇ ಕಾದಿದ್ದ ಪಕ್ಷದಲ್ಲಿ ಮೂರೂವರೆ ನಿಮಿಷಗಳಲ್ಲಿ ಮಿತಿಯು ೪೦೦ನ್ನು ಮುಟ್ಟಿ ಅವರಿಬ್ಬರೂ ಎದುರುಬದುರಾಗುವರು.

ಇಲ್ಲಿ ಪರೀಕ್ಷಕರು ಸುಲಭವಾಗಿ ಮರೆಯುವ ಒಂದು ಸೂಕ್ಷ್ಮವಿದೆ. ಹಾನಗಲ್ಲಿನವನು ಮೂರೂವರೆ ನಿಮಿಷ ಕಾದಿದ್ದಾನೆ. ಹಿರೇಕೆರೂರಿನವನು ಈ ಕ್ಷಣದಲ್ಲಿ ಬಂದಿದ್ದಾನೆ ಎನ್ನೋಣ. ಯಂತ್ರವು ಹೆಚ್ಚು ಕಾದವನ ಮಿತಿಯನ್ನು ಮಾತ್ರ ನೋಡುವುದಾದರೆ ಕೂಡಲೆ ಜೋಡಿ ಕಟ್ಟುವುದು. ಒಬ್ಬನ ತಾಳ್ಮೆಯು ತೀರಿದುದರ ಬೆಲೆಯನ್ನು ಮತ್ತೊಬ್ಬನು ತೆರಬೇಕಾಗುವುದು. ಇಬ್ಬರ ಮಿತಿಗಳೂ ಒಪ್ಪಬೇಕೆಂದರೆ ಕಾಯುವ ಕಾಲವು ಬೆಳೆಯುವುದು. ಬಂದ ಹೊತ್ತುಗಳನ್ನು ಹಿಂದುಮುಂದು ಮಾಡಿ ಎರಡು ಸಲ ನಡೆಸಿದ ಪರೀಕ್ಷೆಯಿಂದ ಮಾತ್ರ ಈ ಭೇದವು ಹೊರಬೀಳುವುದು.

ನಿಯಮವನ್ನು ಸಡಿಲಿಸುವ ಇನ್ನೊಂದು ದಾರಿ ದೂರದವರನ್ನು ಕರೆತರುವುದು. ಹಾವೇರಿ ಜಿಲ್ಲೆಯ ಈ ನಾಲ್ಕೂ ಊರುಗಳು ಒಂದಕ್ಕೊಂದು ನೂರು ಕಿಲೋಮೀಟರಿನೊಳಗೆ ಇರುವುದರಿಂದ ಅವುಗಳೊಳಗಿನ ದೂರವು ಲೆಕ್ಕಕ್ಕೆ ಬಾರದು. ಆಟವನ್ನು ನಡೆಸುವ ಸರ್ವರ್ ಎಲ್ಲಿದೆಯೆಂಬುದು ಮುಖ್ಯ. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಸಾಗುವುದು. ಸರ್ವರ್ ಮುಂಬಯಿಯಲ್ಲಿದ್ದರೆ, ನೇರದೂರವು ಸುಮಾರು ೫೫೦ ಕಿಲೋಮೀಟರಾದುದರಿಂದ, ಸಂದೇಶವು ಹೋಗಿಬರಲು ಕನಿಷ್ಠಪಕ್ಷ ಐದೂವರೆ ಮಿಲಿಸೆಕೆಂಡು ಸಾಕು. ಸಿಂಗಪುರದಲ್ಲಿದ್ದರೆ ಸುಮಾರು ೩೪೫೦ ಕಿಲೋಮೀಟರಿಗೆ ೩೫ ಮಿಲಿಸೆಕೆಂಡುಗಳು ಬೇಕು. ತಂತಿಯ ಸುತ್ತುದಾರಿಯಿಂದಲೂ ನಡುವಣ ಯಂತ್ರಗಳ ವಿಳಂಬದಿಂದಲೂ ವಾಸ್ತವದ ಕಾಲವು ಇದಕ್ಕಿಂತ ಹೆಚ್ಚಾಗಿಯೇ ಇರುವುದು. ಬಲದಲ್ಲಿ ಸರಿಸಾಟಿಯಾದ ದೂರದವನೊಡನೆ ಆಡುವಾಗ ಹೊಡೆತವು ತಡವಾಗಿ ತಾಗುವುದೂ ಒಂದು ವಿಷಮತೆಯೇ. ಹೀಗೆ ಕಾಲ, ದೂರ, ಸಮತೆ ಈ ಮೂರರಲ್ಲಿ ಒಂದನ್ನು ಉಳಿಸಿಕೊಳ್ಳಲು ಮತ್ತೊಂದನ್ನು ಬಿಟ್ಟುಕೊಡಬೇಕಾಗುವುದು. ಆಟಗಾರರು ವಿರಳವಾಗಿರುವ ಹೊತ್ತಿನಲ್ಲಿ ಈ ಬಿಕ್ಕಟ್ಟು ತೀವ್ರವಾಗುವುದು.

೮. ಪಾತ್ರಗಳ ಕೊರತೆ

ಪಾತ್ರಾಟಗಳಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ೨೦೦೪ರಲ್ಲಿ ಪ್ರಕಟವಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟದಲ್ಲಿ ಐವರ ತಂಡಕ್ಕೆ ಪೆಟ್ಟನ್ನು ತಡೆಯುವವನೊಬ್ಬ, ಗಾಯವನ್ನು ಮಾಯಿಸುವವನೊಬ್ಬ, ಹೊಡೆಯುವವರು ಮೂವರು ಬೇಕು. ಅಪರಿಚಿತರಿಂದ ಇಂತಹ ತಂಡವನ್ನು ತಾನಾಗಿ ಕಟ್ಟುವ ಏರ್ಪಾಡು ಆ ಆಟಕ್ಕೆ ೨೦೦೯ರ ಡಿಸೆಂಬರಿನಲ್ಲಿ ಬಂದಿತು. ಹೊಡೆಯುವ ಪಾತ್ರವನ್ನು ಬಯಸುವವರು ಬಹಳ. ತಡೆಯುವ, ಮಾಯಿಸುವ ಪಾತ್ರಗಳನ್ನು ವಹಿಸುವವರು ಕಡಮೆ. ಆದುದರಿಂದ ಮೊದಲಿನವರು ಬಹುಕಾಲ ಕಾಯಬೇಕಾಯಿತು. ೨೦೧೧ರಲ್ಲಿ, ಆ ಹೊತ್ತಿಗೆ ಕೊರತೆಯಾಗಿರುವ ಪಾತ್ರವನ್ನು ವಹಿಸಿದವರಿಗೆ ವಿಶೇಷ ಬಹುಮಾನವನ್ನು ಕೊಡುವ ಉಪಾಯವನ್ನು ಹೂಡಿದರು.

ದೊಡ್ಡಾಟವನ್ನು ಕಟ್ಟುವವರಿಗೆ ಈ ತೊಡಕು ಹೊಸದೆನಿಸದು. ವೀರನ ವೇಷಕ್ಕೆ ಹತ್ತು ಜನ ಮುಂದೆ ಬಂದರೂ ಒಂದೊಂದು ಪಾತ್ರಕ್ಕೂ ಒಬ್ಬೊಬ್ಬನು ದೊರೆಯದೆ ಆಟವು ಏಳದು. ಜಾನಪದದ ಅಧ್ಯಯನಕ್ಕೆಂದೇ ೨೦೧೧ರಲ್ಲಿ ವಿಶ್ವವಿದ್ಯಾಲಯವೊಂದು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಸ್ಥಾಪಿತವಾಗಿರುವ ಈ ಪ್ರಾಂತದಲ್ಲಿ, ಮೇಳವನ್ನು ಕಟ್ಟುವ ಕ್ರಮಕ್ಕೂ ಜಾಲದ ತಂಡವನ್ನು ಕಟ್ಟುವ ಕ್ರಮಕ್ಕೂ ಇರುವ ಸಾದೃಶ್ಯವು ವಿಚಾರಾರ್ಹವಾಗಿದೆ. ಪರೀಕ್ಷಕನ ಪಾಲಿಗೆ ಇದರಿಂದ ಬರುವ ನಿಯಮವು ಇಷ್ಟು: ಕಾಯುವ ಕಾಲದ ಸರಾಸರಿಯನ್ನು ಎಲ್ಲರಿಗೂ ಒಟ್ಟಿಗೆ ತೆಗೆಯದೆ ಪಾತ್ರಪಾತ್ರಕ್ಕೂ ಪ್ರತ್ಯೇಕವಾಗಿ ತೆಗೆಯಬೇಕು. ಇದರೊಡನೆ, ಐವರಲ್ಲಿ ನಾಲ್ವರು ಒಪ್ಪಿ ಒಬ್ಬನು ಹಿಂದೆಗೆದರೆ ಉಳಿದವರು ತಮ್ಮ ಸರದಿಯ ಸ್ಥಾನವನ್ನು ಕಳೆದುಕೊಳ್ಳುವರೆ, ಒಬ್ಬನೇ ಆಟಗಾರನು ಎರಡು ತಂಡಗಳಿಗೆ ಏಕಕಾಲದಲ್ಲಿ ಸೇರಿಬಿಡುವನೆ, ನಡುವೆ ಸಂಪರ್ಕವು ಕಡಿದವನ ಸೋಲು ಯಾರ ಲೆಕ್ಕಕ್ಕೆ ಸೇರುವುದು ಎಂಬಿವನ್ನೂ ಒಂದೊಂದಾಗಿ ಪರೀಕ್ಷಿಸತಕ್ಕದ್ದು.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ, ಜೋಡಿ ಕಟ್ಟುವುದು ಕೇವಲ ಗಣಿತದ ಕಾರ್ಯವಲ್ಲವೆಂಬುದು ಸ್ಪಷ್ಟವಾಗುವುದು. ಯಾರ ಕಷ್ಟವನ್ನು ಎಷ್ಟು ಎಣಿಸಬೇಕು ಎಂಬ ತೀರ್ಮಾನವನ್ನು ಮನುಷ್ಯರು ಮೊದಲು ಮಾಡುವರು. ಯಂತ್ರವು ಅದನ್ನು ದಣಿಯದೆ ನಡೆಸಿಕೊಂಡು ಹೋಗುವುದು. ಗರಡಿಯಲ್ಲಿ ಹಿರಿಯನ ತೀರ್ಪು ತಪ್ಪಿದರೆ ನೋಡುವವರು ಕೂಗಿ ಹೇಳಬಹುದು. ಯಂತ್ರದ ಕಣಕ್ಕೆ ಸುತ್ತ ನೆರೆದ ಜನವಿಲ್ಲ. ವಿಷಮವಾದ ಪಂದ್ಯದಲ್ಲಿ ಸೋತ ಎಳೆಯನು ತಾನೇ ಅಯೋಗ್ಯನೆಂದು ಬಗೆದು ಸುಮ್ಮನೆ ಹಿಂದೆಗೆಯುವನು. ಹಾಗೆ ಹಿಂದೆಗೆದವರು ಮುಂದಿನ ಲೆಕ್ಕಗಳಲ್ಲಿ ಕಾಣದಿರುವುದರಿಂದ, ಉಳಿದವರನ್ನು ಮಾತ್ರ ಎಣಿಸಿದ ಪರೀಕ್ಷೆಯಲ್ಲಿ ಯಂತ್ರವು ಯಾವಾಗಲೂ ಗೆದ್ದಂತೆಯೇ ತೋರುವುದು. ಆದುದರಿಂದ ಮೊದಲ ಕೆಲವು ಪಂದ್ಯಗಳಲ್ಲಿ ಆಟವನ್ನು ಬಿಟ್ಟು ಹೋದವರ ದಾಖಲೆಯಿಂದಲೇ ಪರೀಕ್ಷೆಯನ್ನು ಪ್ರಾರಂಭಿಸುವುದು ಯುಕ್ತವಾಗಿದೆ.